ಹುಳ ಹಣ್ಣಾಗುವವರೆಗೆ ಕಾದ ಬೆರಳು

ಬೆರಳು ಮುರಿದರೆ ಯಾರೂ ಸಾಯುವುದಿಲ್ಲ. ಕಳೆದ ವರ್ಷ ಈ ಮಾತನ್ನು ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿತ್ತು. ಬಸ್ಸಿನಲ್ಲಿ ಪಕ್ಕದ ಸೀಟಿನವರು ಹೇಳಿದರು, ಹೊಲಿಯದೆ ಉಳಿದ ಬ್ಲೌಸ್ ಪೀಸು ವಾಪಸ್ಸು ತೆಗೆದುಕೊಂಡು ಹೋಗಲು ಬಂದ ಹೆಂಗಸರು ಹೇಳಿದರು, ನಮ್ಮನೆಯವರಂತೂ ದಿನಕ್ಕೆರಡು ಸಲ ಹೇಳಿದರು. ಮಾತೇನೂ ಸುಳ್ಳಲ್ಲ. ಆದರೆ ಅದನ್ನು ಕೇಳಿದ ಮೇಲೆ ಹೆದರುವುದಕ್ಕೂ ನಾಚಿಕೆಯಾಗುತ್ತದೆ. ಎಂತೆಂಥ ದೊಡ್ಡ ಕಾಯಿಲೆಯವರು ಬಾಯಿಮುಚ್ಚಿಕೊಂಡು ಕೂತಿರುವ ಆಸ್ಪತ್ರೆಯಲ್ಲಿ ನಾನು ಒಂದೇ ಒಂದು ಬೆರಳು ಹಿಡಿದುಕೊಂಡು ಅಳುತ್ತಿದ್ದೆ. ಈಗಲೂ ಯಾವುದಾದರೂ ಬೆಂಚಿನ ಮೇಲೆ ಹಾಗೆ ಒಂದು ಬೆರಳು ಹಿಡಿದುಕೊಂಡು, ತಮ್ಮ ಭಯ ಯಾರಿಗೂ ಹೇಳಲಾರದೆ ಕೂತವರು ಇದ್ದೇ ಇರುತ್ತಾರೆ. ಅವರಿಗಾಗಿ ಬರೆಯುತ್ತಿದ್ದೇನೆ.

ನಾನು ಹೊಲಿಗೆಯವಳು. ಚನ್ನಪಟ್ಟಣ ತಾಲ್ಲೂಕಿನಲ್ಲಿ ಹೊಂಗನೂರಿಗೆ ಹತ್ತಿರದ ಒಂದು ಸಣ್ಣ ಊರು ನಮ್ಮದು. ಮನೆಯ ಮುಂದಿನ ಕೋಣೆಯಲ್ಲಿ ನನ್ನ ಮೆಷಿನ್ನು, ಹಿತ್ತಲಲ್ಲಿ ರೇಷ್ಮೆ ಹುಳದ ಮನೆ, ಅದರಾಚೆ ಒಂದೂವರೆ ಎಕರೆ ಹಿಪ್ಪುನೇರಳೆ ಸೊಪ್ಪು. ಹುಳ ನಮ್ಮನೆಯವರದ್ದು, ಹೊಲಿಗೆ ನನ್ನದು ಅಂತ ಹೇಳಿಕೊಳ್ಳುತ್ತೇವೆ. ಹುಳ ದೊಡ್ಡವಾದಾಗ ಮಾತ್ರ ಮನೆಯಲ್ಲಿ ಇರುವ ಎಲ್ಲ ಕೈಗಳೂ ಹುಳದವೇ. ಇಪ್ಪತ್ತೆರಡು ವರ್ಷದಿಂದ ನನ್ನ ಬಲಗೈಯ ನಡುಬೆರಳು ಕತ್ತರಿ ಹಿಡಿಯ ದೊಡ್ಡ ತೂತಿನಲ್ಲಿ ಕೂತು ಕೆಲಸ ಮಾಡಿದೆ. ಬಟ್ಟೆ ಕತ್ತರಿಸುವಾಗ ಭಾರ ಬೀಳುವುದು ಆ ಬೆರಳಿನ ಮೇಲೆ. ಅದು ಮಡಚದಿದ್ದರೆ ಕತ್ತರಿ ಇಲ್ಲ, ಕತ್ತರಿ ಇಲ್ಲದಿದ್ದರೆ ನಾನು ಬರೀ ಹರಿದದ್ದಕ್ಕೆ ತೇಪೆ ಹಾಕುವವಳು.

ನಮ್ಮತ್ತೆಯ ವಿಷಯ ಮೊದಲೇ ಹೇಳಿಬಿಡಬೇಕು. ಹೆಸರು ಚಿಕ್ಕತಾಯಮ್ಮ. ಗಂಡನ ತಾಯಿ, ಜೊತೆಗೆ ನಮ್ಮಪ್ಪನ ಸ್ವಂತ ಅಕ್ಕ, ಹಾಗಾಗಿ ನನಗೆ ಎರಡು ಕಡೆಯಿಂದಲೂ ಅತ್ತೆ. ಎಪ್ಪತ್ತು ದಾಟಿದೆ. ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಹುಟ್ಟಿದವಳು. ಹಾಗೆ ಹುಟ್ಟಿದವರಿಗೆ ಉಳುಕು ತೆಗೆಯುವ ಕೈಗುಣ ಇರುತ್ತದೆ ಅಂತ ನಮ್ಮ ಕಡೆ ನಂಬಿಕೆ. ಸೊಂಟ ಹಿಡಿದವರು, ಕಾಲು ಉಳುಕಿದವರು, ಕುತ್ತಿಗೆ ತಿರುಗಿಸಲಾರದವರು ಅಕ್ಕೂರಿನ ಕಡೆಯಿಂದಲೂ ನಮ್ಮ ಜಗಲಿಗೆ ಬರುತ್ತಿದ್ದರು. ಅದಕ್ಕಾಗಿ ಅವಳು ಯಾರಿಂದಲೂ ಒಂದೆಲೆ ಅಡಿಕೆಯನ್ನೂ ಮುಟ್ಟಿದವಳಲ್ಲ. ನೀವಿ, ಎಳೆದು, ಬೆನ್ನಿಗೊಂದು ಏಟು ಹಾಕಿ ಕಳಿಸುತ್ತಿದ್ದಳು. ಬಂದವರು ನಗುತ್ತಾ ಹೋಗುತ್ತಿದ್ದರು.

ಅವತ್ತು ಹುಳ ನಾಲ್ಕನೇ ಜ್ವರ ಎದ್ದು ಎರಡನೇ ದಿನ. ಹುಳ ಮೇವು ಬಿಟ್ಟು ಮಲಗಿ ಪೊರೆ ಕಳಚುವುದಕ್ಕೆ ನಾವು ಜ್ವರ ಅನ್ನುತ್ತೇವೆ. ನಾಲ್ಕು ಸಲ ಹಾಗೆ ಮಲಗಿ ಎದ್ದ ಮೇಲೆ ಒಂದು ವಾರ ಬಕಾಸುರನ ಹಾಗೆ ತಿನ್ನುತ್ತವೆ, ಆಮೇಲೆ ಮೈ ಹಳದಿಯಾಗಿ, ಹಣ್ಣಾಗಿ, ಗೂಡು ಕಟ್ಟುತ್ತವೆ. ಬೆಳಿಗ್ಗೆಯ ಮೇವಿಗೆ ಸೊಪ್ಪಿನ ಹೊರೆ ಎತ್ತಿಕೊಂಡು ಹುಳದ ಮನೆಯೊಳಗೆ ಕಾಲಿಟ್ಟೆ. ನೆಲದಲ್ಲಿ ಸುಣ್ಣದ ಪುಡಿ, ಅದರ ಮೇಲೆ ಹಸಿ ಎಲೆ. ಕಾಲು ಜಾರಿತು. ಹೊರೆ ಹುಳದ ಮೇಲೆ ಬೀಳಬಾರದು ಅಂತ ಅದನ್ನು ಎಡಕ್ಕೆ ಎಸೆದು ಬಲಗೈ ಮುಂದೆ ಚಾಚಿದೆ. ನಡುಬೆರಳಿನ ತುದಿ ನೆಟ್ಟಗೆ ಹೋಗಿ ಕಬ್ಬಿಣದ ಸ್ಟ್ಯಾಂಡಿನ ಕಾಲಿಗೆ ಬಡಿಯಿತು.

ನೋಡಿದರೆ ಬೆರಳು ನನ್ನದಲ್ಲ. ನಡುಗೆಣ್ಣಿನಿಂದಾಚೆಗಿನ ತುಂಡು ಹಿಂದಕ್ಕೆ ಸರಿದು ಮೆಟ್ಟಿಲಿನ ಹಾಗೆ ನಿಂತಿತ್ತು. ಅತ್ತೆ ಸೊಪ್ಪು ಹಾಕುತ್ತಿದ್ದವಳು ಬಂದು ಕೈ ನೋಡಿದಳು, ನನ್ನನ್ನು ಗೋಡೆಗೆ ಒರಗಿಸಿ ಕೂರಿಸಿದಳು, ಒಂದು ಕೈಯಲ್ಲಿ ಅಂಗೈ ಅದುಮಿ ಹಿಡಿದು ಇನ್ನೊಂದರಲ್ಲಿ ಬೆರಳು ಎಳೆದಳು. ಲಟಕ್ಕನೆ ಸದ್ದಾಯಿತು. ಬೆರಳು ನೇರವಾಯಿತು. ನಾನು ಅತ್ತೆಯ ಸೆರಗಿನಲ್ಲೇ ಮುಖ ಒರೆಸಿಕೊಂಡು, ಹಳೇ ಸೀರೆಯ ಅಂಚು ಹರಿದು ಬೆರಳಿಗೆ ಸುತ್ತಿಕೊಂಡು, ಅರ್ಧ ಗಂಟೆಯಲ್ಲಿ ಸೊಪ್ಪು ಹಾಕಲು ಎದ್ದೆ.

ಮೂರನೇ ದಿನಕ್ಕೆ ಬೆರಳು ಬದನೆಕಾಯಿಯ ಬಣ್ಣಕ್ಕೆ ಬಂತು. ಅತ್ತೆ ಕಟ್ಟು ಬಿಚ್ಚಿ ನೋಡಿ, ಇದು ಉಳುಕಲ್ಲ, ನನ್ನ ಕೈಯಲ್ಲಿ ಆಗುವ ಕೆಲಸವಲ್ಲ, ಚನ್ನಪಟ್ಟಣಕ್ಕೆ ಹೋಗಿ ಫೋಟೊ ತೆಗೆಸಿಕೊಂಡು ಬಾ ಅಂದಳು. ಅವಳು ಎಕ್ಸ್‌ರೇಗೆ ಫೋಟೊ ಅನ್ನುತ್ತಾಳೆ. ಹೋಗಲ್ಲ ಅಂದವಳು ನಾನು. ಈ ಮಾತು ನೆನಪಿಟ್ಟುಕೊಳ್ಳಿ, ಯಾಕೆಂದರೆ ಮುಂದೆ ಬಹಳ ದಿನ ನಾನೇ ಇದನ್ನು ಮರೆತವಳ ಹಾಗೆ ಇದ್ದೆ.

ಹುಳ ಸಾಕದವರಿಗೆ ಇದು ಹುಚ್ಚು ಅನ್ನಿಸಬಹುದು. ದೊಡ್ಡ ಹುಳದ ಹೊತ್ತಿನಲ್ಲಿ ನಮ್ಮ ಮನೆಗಳಿಗೆ ಹೊರಗಿನವರನ್ನು ಸೇರಿಸುವುದಿಲ್ಲ. ಒಳಗಿನವರು ಸುಮ್ಮಸುಮ್ಮನೆ ಹೊರಗೆ ಹೋಗುವುದಿಲ್ಲ. ಬಾಮು ಹಚ್ಚುವಂತಿಲ್ಲ, ಊದುಬತ್ತಿ ಹಚ್ಚುವಂತಿಲ್ಲ, ನಮ್ಮ ಮಗಳು ರಮ್ಯ ಮುಖಕ್ಕೆ ಪೌಡರು ಹಾಕಿಕೊಂಡು ಹಿತ್ತಲ ಬಾಗಿಲಿಗೆ ಬರುವಂತಿಲ್ಲ. ಹಾಗಿರುವಾಗ ಆಸ್ಪತ್ರೆಗೆ ಹೋಗಿ ಸ್ಪಿರಿಟ್ಟಿನ ವಾಸನೆ, ಯಾರ್ಯಾರದೋ ರೋಗ ಮೈಮೇಲೆ ಹಾಕಿಕೊಂಡು ಬಂದು ಹುಳ ಮುಟ್ಟುವುದು ಹೇಗೆ? ಹಿಂದಿನ ಬೆಳೆ ಪೂರ್ತಿ ಹಾಲುತೊಂಡೆ ರೋಗ ಬಂದು ಹೋಗಿತ್ತು. ಮೈಯೊಡೆದು ಹಾಲು ಸುರಿಸುವ ಹುಳಗಳನ್ನು ಮಕ್ಕರಿಯಲ್ಲಿ ತುಂಬಿ ಗುಂಡಿಗೆ ಸುರಿದವಳು ನಾನೇ. ಆ ಹೆದರಿಕೆ ಬೆರಳಿನ ನೋವಿಗಿಂತ ದೊಡ್ಡದಿತ್ತು. ಸ್ನಾನ ಮಾಡಿ ಬಟ್ಟೆ ಬದಲಾಯಿಸಿ ಒಳಗೆ ಹೋದರೆ ಏನೂ ಆಗುತ್ತಿರಲಿಲ್ಲ ಅಂತ ಈಗ ಯಾರಿಗೆ ಬೇಕಾದರೂ ಹೇಳುತ್ತೇನೆ. ಆಗ ಹೇಳುವವರು ಯಾರೂ ಇರಲಿಲ್ಲ, ಹೇಳಿದ್ದರೂ ನಾನು ಕೇಳುತ್ತಿರಲಿಲ್ಲ. ಹುಳ ಹಣ್ಣಾಗಲಿ ಅಂದೆ. ಹಣ್ಣಾದ ಮೇಲೆ, ಗೂಡು ಕಟ್ಟಲು ಚಂದ್ರಿಕೆಯ ಬಿದಿರು ತಟ್ಟೆಗೆ ಬಿಟ್ಟಾಗಲಿ ಅಂದೆ. ಬಿಟ್ಟ ಮೇಲೆ, ಗೂಡು ಬಿಡಿಸಿ ಮಾರ್ಕೆಟ್ಟಿಗೆ ಹೋಗಲಿ ಅಂದೆ.

ಗೂಡು ಚೆನ್ನಾಗಿ ಬಂತು. ಅವು ರಾಮನಗರದ ಮಾರ್ಕೆಟ್ಟಿಗೆ ಹೋದ ಮಾರನೇ ದಿನ ನಾನು ಚನ್ನಪಟ್ಟಣದ ಡಾಕ್ಟರ ಮುಂದೆ ಕೂತೆ. ಬಿದ್ದು ಹದಿನೆಂಟು ದಿನವಾಗಿತ್ತು. ಅವರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ಆಮೇಲೆ ಇದು ತಮ್ಮ ಕೈಮೀರಿದ್ದು, ರಾಮನಗರದ ಒಂದು ಆಸ್ಪತ್ರೆಗೆ ವಾರಕ್ಕೆರಡು ದಿನ ಕೈಯ ಆಪರೇಶನ್ ಮಾಡುವವರೇ ಬರುತ್ತಾರೆ, ಅಲ್ಲಿಗೆ ಹೋಗಿ ಅಂತ ಚೀಟಿ ಬರೆದುಕೊಟ್ಟರು. ಕೈಮೀರಿದೆ ಅನ್ನುವ ಮಾತು ಬಸ್ ಹತ್ತಿ ಮನೆ ಸೇರುವವರೆಗೂ ನನ್ನ ಕಿವಿಯಲ್ಲೇ ಇತ್ತು.

ರಾಮನಗರದ ಆಸ್ಪತ್ರೆಯಲ್ಲಿ ನಮಗೆ ಹನ್ನೊಂದನೇ ನಂಬರು ಸಿಕ್ಕಿತು. ಅತ್ತೆ ಹಟ ಮಾಡಿ ಜೊತೆಗೆ ಬಂದಿದ್ದಳು, ರಮ್ಯ ಕಾಲೇಜಿಗೆ ರಜ ಹಾಕಿದ್ದಳು. ಮೂರು ತಾಸು ಕಾದೆವು. ಕಾಯುವಾಗ ನನಗೊಂದು ಕೆಟ್ಟ ಚಾಳಿ, ಎದುರಿಗೆ ಕೂತವರ ಬಟ್ಟೆಯ ಹೊಲಿಗೆ ನೋಡುತ್ತೇನೆ. ಇವರ ತೋಳು ಬಿಗಿ, ಅವರ ಕುತ್ತಿಗೆ ಎಳೆದುಕೊಂಡಿದೆ ಅಂತ ಮನಸ್ಸಿನಲ್ಲೇ ಬಿಚ್ಚಿ ಹೊಲಿಯುತ್ತಿರುತ್ತೇನೆ. ಅವತ್ತು ಎದುರಿಗೆ ಕೂತವರ ಬಟ್ಟೆಯೇ ಕಾಣಲಿಲ್ಲ, ಬರೀ ಕೈಗಳು ಕಂಡವು. ಬ್ಯಾಂಡೇಜು ಸುತ್ತಿದ ಕೈ, ತಂತಿ ಹೊರಗೆ ಬಂದ ಕೈ, ಎರಡು ಬೆರಳೇ ಇಲ್ಲದ ಕೈ. ಇಷ್ಟು ಕೈಗಳು ದಿನವೂ ಕೆಡುತ್ತವೆಯೇ ಅನ್ನಿಸಿತು.

ಪಕ್ಕದಲ್ಲಿ ಹಾರೋಹಳ್ಳಿಯ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಒಬ್ಬರು ಕೂತಿದ್ದರು, ಮೂವತ್ತೈದರ ಆಸುಪಾಸು. ಅವರಿಗೂ ನಡುಗೆಣ್ಣೇ ಹೋಗಿತ್ತಂತೆ, ಆಪರೇಶನ್ ಆಗಿ ಮೂರು ತಿಂಗಳಂತೆ. ನಾನು ಕೇಳದೆಯೇ ಬೆರಳು ಮಡಚಿ ತೋರಿಸಿದರು. ಅರ್ಧಕ್ಕೆ ಬಂದು ನಿಂತಿತು. ಅವರು ಮಾತ್ರ ಹಬ್ಬದ ಮುಖ ಮಾಡಿಕೊಂಡಿದ್ದರು.

"ಮೊದ್ಲು ಇಷ್ಟೂ ಬತ್ತಿರ್ಲಿಲ್ಲ ಕಣಕ್ಕ. ಈಗ ಬೈಕ್ ಓಡುಸ್ತೀನಿ," ಅಂದರು.

ಅವರು ಧೈರ್ಯ ಹೇಳುತ್ತಿದ್ದರು, ನಾನು ಅವರ ಬೆರಳನ್ನು ಕತ್ತರಿಯೊಳಗೆ ಇಟ್ಟು ನೋಡುತ್ತಿದ್ದೆ. ಅಷ್ಟು ಮಡಚಿದರೆ ಕತ್ತರಿ ನಿಲ್ಲುವುದಿಲ್ಲ.

ಕೈ ಡಾಕ್ಟರು ನಡುವಯಸ್ಸಿನವರು, ಮೆಲ್ಲಗೆ ಮಾತಾಡುವವರು. ಗೆಣ್ಣಿನ ಒಳಗಿನ ಮೂಳೆಯ ಅಂಚು ಪುಡಿಯಾಗಿದೆ, ಅಂಚಿಲ್ಲದ ಕಾರಣ ಗೆಣ್ಣು ನಿಲ್ಲದೆ ಮತ್ತೆ ಹಿಂದಕ್ಕೆ ಜಾರಿದೆ ಅಂದರು. ಇಷ್ಟು ದಿನ ಯಾಕೆ ಬರಲಿಲ್ಲ ಅಂತ ಕೇಳಿದರು. ಹುಳ ಇತ್ತು ಸಾರ್ ಅಂದೆ. ಅವರಿಗೆ ಅರ್ಥವಾಯಿತೋ ಇಲ್ಲವೋ. ಮಧ್ಯದಲ್ಲಿ ಯಾರಾದರೂ ಬೆರಳು ಎಳೆದಿದ್ದರೇ ಅಂತ ಕೇಳಿದರು. ಇಲ್ಲ ಅಂದೆ. ಅತ್ತೆ ನನ್ನ ಪಕ್ಕದಲ್ಲೇ ನಿಂತಿದ್ದಳು, ಅವಳ ಮಾನ ಹೋಗಬಾರದು ಅನ್ನುವುದಷ್ಟೇ ಆಗ ನನ್ನ ತಲೆಯಲ್ಲಿತ್ತು.

"ಸುಳ್ಳು ಯೋಳ್ತಾವ್ಳೆ ಡಾಕ್ಟ್ರಪ್ಪ," ಅಂದಳು ಅತ್ತೆ. "ಎಳ್ದೋಳು ನಾನೇ. ನನ್ನಿಂದ ಮುರೀತಾ?"

ಡಾಕ್ಟರು ಅವಳನ್ನು ನೋಡಿದರು. ಬೈಯುತ್ತಾರೆ ಅಂದುಕೊಂಡೆ, ಬೈಯಲಿಲ್ಲ. ಬಿದ್ದಾಗಲೇ ಮುರಿದಿದೆ ಅಜ್ಜಿ, ಎಳೆದದ್ದರಿಂದ ಎಷ್ಟು ಹೆಚ್ಚಾಯಿತು ಅಂತ ಹೇಳುವುದು ಕಷ್ಟ, ಮುಖ್ಯವಾಗಿ ತಡವಾಗಿದೆ ಅಂದರು. ಅತ್ತೆಗೆ ಕೇಳಿದ್ದು ನಡುವಿನ ಮಾತು ಒಂದೇ. ಮೂರನೇ ದಿನವೇ ಅವಳು ಹೋಗು ಅಂದಿದ್ದಳು ಅಂತ ನಾನು ಅಲ್ಲೇ ಹೇಳಬಹುದಿತ್ತು. ಹೇಳಲಿಲ್ಲ. ಯಾಕೆ ಹೇಳಲಿಲ್ಲವೆಂದರೆ, ಹೇಳಿದರೆ ಬೈಸಿಕೊಳ್ಳುವವಳು ನಾನಾಗುತ್ತಿದ್ದೆ.

ಆಮೇಲೆ ಅವರು ಏನು ಮಾಡುತ್ತಾರೆ ಅಂತ ವಿವರಿಸಿದರು. ಪುಡಿಯಾದ ಅಂಚಿನ ಜಾಗಕ್ಕೆ ಬೇರೆ ಮೂಳೆ ತಂದು ಕಸಿ ಮಾಡಬೇಕು, ಸಣ್ಣ ಸ್ಕ್ರೂ ಹಾಕಿ ಕೂರಿಸಬೇಕು. ಅತ್ತೆ ತಡೆದು, ಯಾರ ಮೂಳೆ, ಬದುಕಿರುವವರದ್ದೋ ಸತ್ತವರದ್ದೋ ಅಂತ ಕೇಳಿದಳು. ರಮ್ಯ ಮುಖ ಮುಚ್ಚಿಕೊಂಡಳು. ನನಗೂ ಅದೇ ಪ್ರಶ್ನೆ ಇತ್ತು, ಕೇಳುವ ಧೈರ್ಯ ಇರಲಿಲ್ಲ. ಡಾಕ್ಟರು ನಕ್ಕು, ಇವರದ್ದೇ ಅಜ್ಜಿ, ಇದೇ ಕೈಯ ಮಣಿಕಟ್ಟಿನಿಂದ ಒಂದು ಚೂರು ತೆಗೆಯುತ್ತೇವೆ, ಅಲ್ಲಿಯ ಮೂಳೆಯ ಬಾಗು ಗೆಣ್ಣಿನ ಬಾಗಿಗೆ ಹೊಂದುತ್ತದೆ ಅಂದರು. ಮಣಿಕಟ್ಟು ಸೋಲುವುದಿಲ್ಲವೇ ಅಂದರೆ, ಸಾಮಾನ್ಯವಾಗಿ ಇಲ್ಲ ಅಂದರು. ಕಸಿ ಕಚ್ಚಿಕೊಳ್ಳದಿದ್ದರೆ? ಗೆಣ್ಣನ್ನು ನೇರವಾಗಿ ಬೆಸೆದುಬಿಡಬೇಕಾಗುತ್ತದೆ, ಮಡಚುವುದಿಲ್ಲ, ನೋವೂ ಇರುವುದಿಲ್ಲ. ನೋವಿಲ್ಲ ಅಂತ ಅವರು ಸಮಾಧಾನಕ್ಕೆ ಹೇಳಿದರು. ನನಗೆ ಮಡಚುವುದಿಲ್ಲ ಅನ್ನುವುದಷ್ಟೇ ಕೇಳಿತು. ಅತ್ತೆ ಮೊಮ್ಮಗಳು ಇಬ್ಬರ ಕಿವಿಗೂ ಹೇಳಿದ್ದರಲ್ಲಿ ಒಂದೇ ಮಾತು ಬೀಳುತ್ತದೆ ಅಂತ ನಮ್ಮನೆಯವರು ಅವರನ್ನು ಛೇಡಿಸುತ್ತಾರೆ, ಅವತ್ತು ನನ್ನ ಕಿವಿಯೂ ಆ ಸಾಲಿಗೆ ಸೇರಿತು.

ಆಪರೇಶನ್ನಿಗೆ ಐದು ದಿನ ಬಾಕಿ. ಆ ಐದು ದಿನ ನಮ್ಮ ಮನೆಯಲ್ಲಿ ನಡೆದದ್ದು ಬರೆಯಲು ಬೇಜಾರಾಗುತ್ತದೆ. ನಮ್ಮನೆಯವರು ತಾಯಿಯ ಮೇಲೆ ಹರಿಹಾಯ್ದರು. ಊರಿನವರ ಕೈಕಾಲು ಎಳೆದದ್ದು ಸಾಲದು ಅಂತ ಸೊಸೆಯ ಬೆರಳೂ ತೆಗೆದೆ ಅಂದರು. ನೋಡಲು ಬಂದ ನೆಂಟರು ಅದೇ ರಾಗ ಹಾಡಿದರು. ನಮ್ಮಪ್ಪ ಕೂಡ, ಸ್ವಂತ ಅಕ್ಕ ಅನ್ನದೆ, ಹಳೇ ಕಾಲ ಅಲ್ಲ ಇದು ಅಂತ ಮೂಗು ಮುರಿದರು. ಅತ್ತೆ ಎದುರಾಡಲಿಲ್ಲ. ಬೆನ್ನು ಹಿಡಿದುಕೊಂಡು ಬಂದ ಒಬ್ಬಳಿಗೆ, ನಾನು ಈಗ ನೋಡುವುದಿಲ್ಲ, ಚನ್ನಪಟ್ಟಣಕ್ಕೆ ಹೋಗು ಅಂತ ಜಗಲಿಯಿಂದಲೇ ಹೇಳಿ ಕಳಿಸಿದಳು. ನಾನು ಒಳಗೆ ಕೂತು ಎಲ್ಲ ಕೇಳಿಸಿಕೊಂಡೆ. ನನಗೆ ಆಪರೇಶನ್ನಿನ ಭಯ, ಮಾತಾಡಲು ತ್ರಾಣವಿಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ಭಯ ಇದ್ದದ್ದು ನಿಜ. ಆದರೆ ಎಲ್ಲರ ಸಿಟ್ಟೂ ಅತ್ತೆಯ ಕಡೆ ತಿರುಗಿದ್ದರಿಂದ ನನಗೆ ಬರೀ ಅಯ್ಯೋ ಪಾಪ ಸಿಗುತ್ತಿತ್ತು. ಅದೂ ಬೇಕಾಗಿತ್ತು ನನಗೆ.

ಆಪರೇಶನ್ನಿನ ದಿನ ಕಂಕುಳ ಹತ್ತಿರ ಸೂಜಿ ಚುಚ್ಚಿ ಬಲಗೈ ಪೂರ್ತಿ ಮರಗಟ್ಟಿಸಿದರು. ನಿದ್ದೆ ಬರಿಸಲಿಲ್ಲ. ಮುಖಕ್ಕೆ ಅಡ್ಡ ಹಸಿರು ಬಟ್ಟೆ ಕಟ್ಟಿದರು. ಕೈ ಆಚೆ, ನಾನು ಈಚೆ. ನೋವಿಲ್ಲ, ಆದರೆ ಸದ್ದೆಲ್ಲ ಕೇಳುತ್ತದೆ. ಒಂದು ಹೊತ್ತಿನಲ್ಲಿ ಸಣ್ಣ ಡ್ರಿಲ್ಲಿನ ಸದ್ದು, ಇನ್ನೊಂದು ಹೊತ್ತಿನಲ್ಲಿ ಉಳಿಗೆ ತಟ್ಟಿದ ಸದ್ದು. ಅದು ನನ್ನ ಮಣಿಕಟ್ಟಿನ ಮೂಳೆ ಅಂತ ಗೊತ್ತಾದಾಗ ಹಲ್ಲು ಕಟಕಟ ಅಂದವು. ತಲೆಯ ಹತ್ತಿರ ನಿಂತ ನರ್ಸಮ್ಮ ಚಳಿಯೇನೋ ಅಂದುಕೊಂಡು ಇನ್ನೊಂದು ಹೊದಿಕೆ ತಂದು ಹೊದಿಸಿದರು. ನಾನೂ ಚಳಿ ಅಂತಲೇ ಅಂದೆ. ಅವರು ಆಮೇಲೆ ನನ್ನ ಹಣೆಯ ಮೇಲೆ ಕೈ ಇಟ್ಟುಕೊಂಡೇ ನಿಂತಿದ್ದರು. ಅವರ ಮುಖ ಮಾಸ್ಕಿನಲ್ಲಿತ್ತು, ಇವತ್ತು ಎದುರಿಗೆ ಬಂದರೂ ಗುರುತು ಸಿಗುವುದಿಲ್ಲ. ದೇವರು ಅವರನ್ನು ಚೆನ್ನಾಗಿಟ್ಟಿರಲಿ.

ಬಟ್ಟೆಯ ಆಚೆಯಿಂದ ಡಾಕ್ಟರು, ಚೂರು ದೊಡ್ಡದಾಯಿತು ಅಂದದ್ದು ಕೇಳಿತು. ಮರುಕ್ಷಣವೇ ನನ್ನೊಳಗಿನ ಹೊಲಿಗೆಯವಳು ಮಾತಾಡಿದಳು. ದೊಡ್ಡದಾದರೆ ಚಿಂತೆಯಿಲ್ಲ, ಕಡಿಮೆಯಾದರೆ ಕಷ್ಟ. ಬಟ್ಟೆ ಯಾವಾಗಲೂ ಮಾರ್ಜಿನ್ ಬಿಟ್ಟೇ ಕತ್ತರಿಸಬೇಕು, ಆಮೇಲೆ ಹೊಂದಿಸಿಕೊಳ್ಳಬಹುದು. ಕೆಲಸ ಬಲ್ಲ ಕೈ ಇದು ಅನ್ನಿಸಿತು. ಅವರು ತೀಡುವ ಸದ್ದು ಕೇಳುತ್ತಾ ಮೊದಲ ಸಲ ನನ್ನ ಭುಜ ಸಡಿಲವಾಯಿತು.

ಕಟ್ಟು ಬಿಚ್ಚಿದ ದಿನ ಬೆರಳಿನ ಒಳಮೈಯಲ್ಲಿ ಅಂಕುಡೊಂಕಾಗಿ ಹೊಲಿಗೆ ಹಾಕಿದ್ದು ಕಂಡೆ. ನೇರ ಯಾಕೆ ಕೊಯ್ಯಲಿಲ್ಲ ಅಂತ ಕೇಳಿದೆ. ನೇರ ಕೊಯ್ದರೆ ಗಾಯ ಮಾಯುವಾಗ ಚರ್ಮ ಎಳೆದುಕೊಂಡು ಬೆರಳು ಸೊಟ್ಟಗಾಗುತ್ತದಂತೆ. ನಾವು ಓರೆಯಾಗಿ ಕ್ರಾಸ್ ಕಟಿಂಗ್ ಮಾಡುವುದೂ ಅದಕ್ಕೇ, ಬಟ್ಟೆ ಎಳೆಯಬಾರದು ಅಂತ. ಡಾಕ್ಟರಿಗೆ ಅದನ್ನು ಹೇಳಿದೆ. ಅವರು, ಹಾಗಾದರೆ ನಾವಿಬ್ಬರೂ ಒಂದೇ ಕಸುಬಿನವರು ಅಂದರು. ಮನೆಗೆ ಬಂದು ಅದನ್ನು ಹತ್ತು ಜನಕ್ಕೆ ಹೇಳಿಕೊಂಡೆ.

ಆದರೆ ಬೆರಳು ಮಡಚಲಿಲ್ಲ. ಆಪರೇಶನ್ ಮೊದಲ ಅರ್ಧ ಮಾತ್ರ, ಉಳಿದರ್ಧ ವ್ಯಾಯಾಮ ಅಂತ ಅವರು ಮೊದಲೇ ಹೇಳಿದ್ದರು. ಬೆರಳು ಹಿಂದಕ್ಕೆ ಜಾರದ ಹಾಗೆ ಒಂದು ಪ್ಲಾಸ್ಟಿಕ್ ಪಟ್ಟಿ, ಅದರೊಳಗೆ ದಿನವೂ ಒಂದಿಷ್ಟು ಮಡಚುವುದು. ವಾರಕ್ಕೊಮ್ಮೆ ರಾಮನಗರಕ್ಕೆ ಹೋಗಬೇಕು. ಅಲ್ಲಿ ಫಿಜಿಯೋಥೆರಪಿ ಮಾಡಿಸುವ ಹುಡುಗಿ ಸ್ಕೂಲಿನ ಕೋನಮಾಪಕದಂಥದ್ದನ್ನು ಬೆರಳಿನ ಮೇಲಿಟ್ಟು ಎಷ್ಟು ಡಿಗ್ರಿ ಅಂತ ಬರೆದುಕೊಳ್ಳುತ್ತಿದ್ದಳು. ಇಪ್ಪತ್ತು, ಇಪ್ಪತ್ತೆಂಟು, ನಲವತ್ತು. ಆಮೇಲೆ ಮತ್ತೆ ನಲವತ್ತು. ಅದರ ಮುಂದಿನ ವಾರವೂ ನಲವತ್ತು. ಅಳತೆ ಹಿಡಿದು ಬದುಕಿದವಳು ನಾನು, ಅವಳು ಹೇಳುವ ಮೊದಲೇ ನನಗೆ ಗೊತ್ತಾಗುತ್ತಿತ್ತು.

ಎಕ್ಸ್‌ರೇಯಲ್ಲಿ ಕಸಿ ಕಚ್ಚಿಕೊಂಡಿದೆ ಅಂತ ಡಾಕ್ಟರು ತೋರಿಸಿದರು. ಸಂತೋಷಪಡಬೇಕಾದ ಮಾತು. ಜೊತೆಗೇ, ಮೂಳೆ ಕೂಡಿದೆ, ಇನ್ನು ಮಡಚದೆ ಇರುವುದು ಬಿಗಿತದಿಂದ, ನಿಮ್ಮ ಬಲವೊಂದೇ ಸಾಲುತ್ತಿಲ್ಲ, ಮನೆಯಲ್ಲಿ ಯಾರಾದರೂ ಹಿಡಿದು ಮಡಚಿಸಬೇಕು, ಒಂದು ತಿಂಗಳು ನೋಡೋಣ, ಆಗಲಿಲ್ಲವೆಂದರೆ ಬಿಡಿಸಲು ಇನ್ನೊಂದು ಆಪರೇಶನ್ ಯೋಚಿಸಬೇಕಾಗುತ್ತದೆ ಅಂದರು. ಇನ್ನೊಂದು ಸಲ ಆ ಹಸಿರು ಬಟ್ಟೆಯ ಈಚೆ ಮಲಗುವುದು ನನ್ನಿಂದಾಗದು ಅನ್ನಿಸಿತು.

ಫಿಜಿಯೋ ಹುಡುಗಿ ಹೇಗೆ ಹಿಡಿಯಬೇಕು ಅಂತ ರಮ್ಯನಿಗೆ ಕಲಿಸಿದಳು. ಗೆಣ್ಣಿನ ಕೆಳಗೆ ಒಂದು ಕೈ ಆನಿಸಿ, ಮೇಲಿನ ತುಂಡನ್ನು ಮೆಲ್ಲಗೆ ತಗ್ಗಿಸಿ, ತಡೆದಲ್ಲಿ ನಿಲ್ಲಿಸಿ, ಇಪ್ಪತ್ತು ಎಣಿಸುವುದು. ಜೋರು ಮಾಡಬಾರದು, ಜರ್ಕು ಕೊಡಲೇಬಾರದು. ರಮ್ಯ ಎರಡು ದಿನ ಮಾಡಿದಳು. ನಾನು ಹಾ ಅಂದರೆ ಸಾಕು, ಅವಳೇ ಮೊದಲು ಅಳುತ್ತಿದ್ದಳು. ನಮ್ಮನೆಯವರು ನಾನು ಮಾಡುತ್ತೇನೆ ಅಂತ ಬಂದರು, ನೇಗಿಲ ಮೇಣಿ ಹಿಡಿದ ಹಾಗೆ ಹಿಡಿದರು. ನಾನು ಚೀರಿದ್ದಕ್ಕೆ ಅವರು ಆಮೇಲೆ ಹತ್ತಿರವೇ ಬರಲಿಲ್ಲ.

ಆ ಮನೆಯಲ್ಲಿ ಬೆರಳು ಹಿಡಿಯಲು ಬರುವವಳು ಒಬ್ಬಳೇ ಇದ್ದಳು. ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ. ಮೂರನೇ ದಿನ ಮಧ್ಯಾಹ್ನ ಅತ್ತೆ ಹಿತ್ತಲಲ್ಲಿ ಹಳೇ ಚಂದ್ರಿಕೆಗಳನ್ನು ಬಿಸಿಲಿಗೆ ನಿಲ್ಲಿಸುತ್ತಿದ್ದಳು. ಹೋಗಿ ಎದುರಿಗೆ ನಿಂತು, ಇದನ್ನು ನೀನೇ ಮಾಡಬೇಕು ಅಂದೆ. ಅವಳು ನನ್ನ ಕೈಯನ್ನೇ ನೋಡಲಿಲ್ಲ.

"ನಂಗೆ ಯೋಳ್ಬ್ಯಾಡ ಕಣವ್ವ. ಒಂದ್ಸಲ ಮುಟ್ಟಿದ್ದು ಸಾಕು."

ಅವಳು ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಎರಡು ತಿಂಗಳಿನಿಂದ ನನ್ನೊಳಗೆ ಕೊಳೆಯುತ್ತಿದ್ದದ್ದು ಆಗ ಹೊರಗೆ ಬಂತು.

"ಅತ್ತೆ, ಮೂರ್ನೇ ದಿನ್ವೇ ನೀನು ಹೋಗು ಅಂದೆ. ನಾನು ಹೋಗ್ಲಿಲ್ಲ. ಡಾಕ್ಟ್ರ ಮುಂದೆ ನೀನು ನಿಂದು ಒಪ್ಕಂಡೆ, ನಾನು ನಂದು ಒಪ್ಕಳ್ಲಿಲ್ಲ. ಎಲ್ರೂ ನಿನ್ನ ಬೈಯ್ತಿದ್ರೆ ಸುಮ್ನೆ ಕೂತ್ಕಂಡೆ. ನನ್ ಬೆರಳು ಕೆಡ್ಸಿದ್ದು ನಾನು."

ಅವಳು ಚಂದ್ರಿಕೆಯನ್ನು ಗೋಡೆಗೆ ಒರಗಿಸಿ ಕೈ ಒರೆಸಿಕೊಂಡಳು. ನನಗೆ ಅಳು ತಡೆಯಲಾಗಲಿಲ್ಲ, ಮೂಗು ಬಾಯಿ ಒಂದಾಗುವ ಹಾಗೆ ಅತ್ತುಬಿಟ್ಟೆ. ಸ್ವಲ್ಪ ಹೊತ್ತಾದ ಮೇಲೆ ಅವಳು, ಆ ಹುಡುಗಿ ಹೆಂಗೆ ಹಿಡಿ ಅಂದಳೋ ಸರಿಯಾಗಿ ಹೇಳು ಅಂದಳು.

ಹೇಳಿದೆ. ಅವಳು ಎರಡು ಸಲ ಹೇಳಿಸಿದಳು. ಆದರೂ ಮುಟ್ಟಲಿಲ್ಲ. ಮಾರನೇ ದಿನ ಸೀರೆ ಬದಲಾಯಿಸಿ ನನ್ನ ಜೊತೆ ರಾಮನಗರಕ್ಕೆ ಬಂದಳು. ತನ್ನ ಮೊಮ್ಮಗಳ ವಯಸ್ಸಿನ ಆ ಹುಡುಗಿಯ ಮುಂದೆ ಸ್ಟೂಲಿನ ಮೇಲೆ ಕೂತು, ಮೊದಲು ಹುಡುಗಿಯ ಬೆರಳನ್ನು ಹಿಡಿದು ಕಲಿತಳು. ಅಜ್ಜಿ, ನಿಮ್ಮ ಹಿಡಿತ ಚೆನ್ನಾಗಿದೆ, ಎಳೆಯುವುದೊಂದು ಬಿಡಿ ಅಂದಳು ಆ ಹುಡುಗಿ. ಐವತ್ತು ವರ್ಷ ಊರಿನವರ ಮೈ ನೀವಿದವಳು ತಲೆ ಅಲ್ಲಾಡಿಸಿ, ಆಯ್ತು ಕಣವ್ವ ಅಂದಳು.

ಮನೆಗೆ ಬಂದ ಮೇಲೆ ಜಗಲಿಯ ಮೇಲೆ ಕೂತೆವು. ಬಿಸಿನೀರಿನಲ್ಲಿ ಕೈ ಅದ್ದಿ ಒರೆಸಿ ಅವಳ ಮುಂದೆ ಇಟ್ಟೆ. ಗೆಣ್ಣಿನ ಕೆಳಗೆ ಹೆಬ್ಬೆರಳು ಆನಿಸಿ ಮೇಲಿನ ತುಂಡನ್ನು ತಗ್ಗಿಸಿದಳು. ನಲವತ್ತರ ಹತ್ತಿರ ಬಂದು ಗೋಡೆಗೆ ತಗುಲಿದ ಹಾಗೆ ನಿಂತಿತು.

"ಬುಡು ಅನ್ನು, ಬುಡ್ತೀನಿ," ಅಂದಳು.

ನಾನು ಬಿಡು ಅನ್ನಲಿಲ್ಲ. ಅವಳು ಒತ್ತಲೂ ಇಲ್ಲ, ಬಿಡಲೂ ಇಲ್ಲ, ಹಿಡಿದ ಹಾಗೇ ಹಿಡಿದುಕೊಂಡು ಒಂದು ಎರಡು ಅಂತ ಎಣಿಸಿದಳು. ಅವಳ ಇಪ್ಪತ್ತು ನಮ್ಮೆಲ್ಲರ ಇಪ್ಪತ್ತಿಗಿಂತ ಉದ್ದ. ಹನ್ನೆರಡೋ ಹದಿಮೂರೋ ಅನ್ನುವಾಗ ಗೆಣ್ಣಿನೊಳಗೆ ಏನೋ ಒಸಿ ಸಡಿಲಾಯಿತು. ನನಗೆ ತಿಳಿಯಿತು, ಅವಳಿಗೆ ನನಗಿಂತ ಮೊದಲೇ ತಿಳಿದಿತ್ತು. ನನ್ನ ಮುಖ ನೋಡಿದಳು, ಎಣಿಕೆ ಮಾತ್ರ ನಿಲ್ಲಿಸಲಿಲ್ಲ.

ದಿನಕ್ಕೆ ಐದು ಸಲ, ಸಲಕ್ಕೆ ಹತ್ತು. ಅಡುಗೆ ತಪ್ಪಿದರೂ ಅದು ತಪ್ಪಲಿಲ್ಲ. ಎಲ್ಲ ದಿನವೂ ಒಂದೇ ಥರ ಇರಲಿಲ್ಲ. ಕೆಲವು ಬೆಳಿಗ್ಗೆ ಬೆರಳು ಕಟ್ಟಿಗೆಯ ಹಾಗೆ ಏಳುತ್ತಿತ್ತು, ನಿನ್ನೆಯದ್ದೆಲ್ಲ ನೀರಲ್ಲಿ ಹೋಮವಾಯಿತು ಅನ್ನಿಸುತ್ತಿತ್ತು. ನಾನು ಸಿಡುಕುತ್ತಿದ್ದೆ, ಅವಳೂ ಸಿಡುಕುತ್ತಿದ್ದಳು. ಹೀಗೇ ಕಾದು ಕೂತು ಆಗದಿದ್ದರೆ ಅನ್ನುವ ಹೆದರಿಕೆ ಇಬ್ಬರಿಗೂ ಇತ್ತು, ಇಬ್ಬರೂ ಅದನ್ನು ಬಾಯಿಬಿಟ್ಟು ಹೇಳಿಕೊಂಡೆವು. ಹೇಳಿಕೊಂಡದ್ದು ಒಳ್ಳೆಯದಾಯಿತು. ಆ ದಿನಗಳಲ್ಲೇ ಒಂದು ಸಂಜೆ ನಮ್ಮನೆಯವರನ್ನೂ ಕೂರಿಸಿ ಮೂರನೇ ದಿನದ ಮಾತು ಹೇಳಿದೆ. ಅವರು ಪೇಟೆಗೆ ಹೋದಾಗ ತಾಯಿಗಿಷ್ಟವಾದ ಖಾರಾಬೂಂದಿ ತಂದಿಟ್ಟರು.

ತಿಂಗಳು ತುಂಬಿದ ದಿನ ಒಬ್ಬಳೇ ರಾಮನಗರಕ್ಕೆ ಹೋದೆ. ಅತ್ತೆ ಬರುವುದಿಲ್ಲ ಅಂದಳು, ಎದೆ ತಡೆಯಲ್ಲ ಅಂದಳು. ಫಿಜಿಯೋ ಹುಡುಗಿ ಕೋನಮಾಪಕ ಇಟ್ಟಳು, ತೆಗೆದಳು, ಮತ್ತೆ ಇಟ್ಟಳು. ಐವತ್ತೆಂಟು. ಡಾಕ್ಟರು ನೋಡಿ, ಇನ್ನೊಂದು ಆಪರೇಶನ್ ಬೇಡ, ಹೀಗೇ ಮುಂದುವರಿಸಿ ಅಂದರು. ಆಮೇಲಿನ ತಿಂಗಳುಗಳಲ್ಲಿ ಅದು ಎಪ್ಪತ್ತೈದಕ್ಕೆ ಬಂದು ನಿಂತಿದೆ, ಅದರ ಮುಂದೆ ಹೋಗುವುದಿಲ್ಲವಂತೆ. ಮುಷ್ಟಿ ಕಟ್ಟಿದರೆ ಆ ಒಂದು ಬೆರಳು ಸ್ವಲ್ಪ ಎದ್ದಿರುತ್ತದೆ. ಮಾಗಿಯ ಚಳಿಗೆ ಗೆಣ್ಣು ಹಿಡಿಯುತ್ತದೆ, ಮಣಿಕಟ್ಟೂ ಒಮ್ಮೊಮ್ಮೆ ಚುಳ್ಳೆನ್ನುತ್ತದೆ. ಕತ್ತರಿಗೆ ಎಪ್ಪತ್ತೈದು ಸಾಕು.

ಅವತ್ತು ಬಸ್ಸಿನಲ್ಲಿ ಐವತ್ತೆಂಟು ಐವತ್ತೆಂಟು ಅಂತ ಬಾಯಲ್ಲೇ ಅಂದುಕೊಂಡು ಬಂದೆ. ಬಸ್ ಇಳಿದು ಹೆಚ್ಚು ಕಡಿಮೆ ಓಡಿದೆ. ಅತ್ತೆ ಜಗಲಿಯ ಮೇಲೆ ಬಿಸಿನೀರಿನ ಪಾತ್ರೆ ಪಕ್ಕದಲ್ಲಿ ಇಟ್ಟುಕೊಂಡು ಕೂತಿದ್ದಳು, ನೀರು ಆರಬಾರದು ಅಂತ ಮೇಲೆ ತಟ್ಟೆ ಮುಚ್ಚಿತ್ತು. ಐವತ್ತೆಂಟಂತೆ ಅತ್ತೆ, ಇನ್ನು ಆಪರೇಶನ್ ಇಲ್ಲವಂತೆ ಅಂದೆ. ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು ತಟ್ಟೆ ತೆಗೆದಳು.

"ಅದೆಲ್ಲ ನಂಗ್ ತಿಳೀದು. ಮಧ್ಯಾನದ್ದು ತಪ್ಪೋಗೈತೆ, ಬೆರಳು ಕೊಡು ಇತ್ಲಾಗೆ."